ಗೂಡಿನೊಳಗಿನ ಲೆಕ್ಕ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ಶಿಷ್ಯನೊಬ್ಬ ಒಂದು ನೋಟುಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನಿಗೆ ಹಳೆಯ ಶಿಷ್ಯರು ತರುವ ನೋಟುಪುಸ್ತಕ ಹೊಸದೇನಲ್ಲ. ಸಾಮಾನ್ಯವಾಗಿ ಅವು ಅವರ ಮಕ್ಕಳವಾಗಿರುತ್ತವೆ. ಇದು ಹಾಗಿರಲಿಲ್ಲ. ಅದರ ಹೊದಿಕೆಯ ಮೇಲೆ ‘ಈ ವರ್ಷದ ಜೋಡಿಗಳು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಳಗೆ, ಯಾವುದೋ ಅರಸುಮನೆತನದ ವಂಶಾವಳಿಯಂತೆ, ಗೆರೆಗಳು ಕವಲೊಡೆದು ಪುಟದಿಂದ ಪುಟಕ್ಕೆ ಇಳಿದಿದ್ದುವು. ಪ್ರತಿಯೊಂದು ಕವಲಿನ ತುದಿಯಲ್ಲಿಯೂ ಒಂದು ಹಕ್ಕಿಯ ಕಾಲುಬಳೆಯ ಸಂಖ್ಯೆ, ಅದರ ಬಣ್ಣ, ತಲೆಯ ಅಗಲ, ನಿಲುವು, ಹಿಂದಿನ ಪ್ರದರ್ಶನದಲ್ಲಿ ಅದಕ್ಕೆ ಬಂದ ಸ್ಥಾನ.

“ಮೇಷ್ಟ್ರೇ, ದೀಪಾವಳಿ ಕಳೆದ ಮೇಲೆ ಜೋಡಿ ಕೂಡಿಸಬೇಕೂಂತ ಇದ್ದೀನಿ. ನೀವೊಂದು ಸಲ ಕಣ್ಣಾಡಿಸಿದರೆ ನನಗೆ ಧೈರ್ಯ” ಎಂದ.

ನಾನು ಕಣ್ಣಾಡಿಸಿದೆ. ಆ ಪುಸ್ತಕದಲ್ಲಿ ನಾನು ಕಂಡದ್ದನ್ನೂ, ಅದಕ್ಕಿಂತ ಹೆಚ್ಚಾಗಿ ಕಾಣದೆಹೋದದ್ದನ್ನೂ ಕುರಿತು ಅಂದಿನಿಂದ ಆಲೋಚಿಸುತ್ತಿದ್ದೇನೆ. ಪಂಜರದ ಹಕ್ಕಿಗಳನ್ನು ಕುರಿತು ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹೊಸ ಕಾನೂನು ಬಂದಿದೆ, ನಿಯಮಗಳು ಬಂದಿವೆ, ನ್ಯಾಯಾಲಯಗಳಲ್ಲಿ ಚರ್ಚೆಯಾಗಿದೆ. ಇಷ್ಟೆಲ್ಲ ಆದರೂ ನನ್ನ ಶಿಷ್ಯನ ಪುಸ್ತಕದಲ್ಲಿ ಯಾವ ಅಂಕಣ ಬಿಟ್ಟುಹೋಗಿದೆಯೋ ಅದೇ ಅಂಕಣ ನಮ್ಮ ಕಾನೂನಿನ ಪುಸ್ತಕದಲ್ಲಿಯೂ ಬಿಟ್ಟುಹೋಗಿದೆ. ಅದನ್ನು ವಾಚಕರ ಗಮನಕ್ಕೆ ತರುವುದೇ ಈ ಬರಹದ ಉದ್ದೇಶ.

ಮೊದಲು ಹಕ್ಕಿಯ ಪರಿಚಯ ಆಗಬೇಕು. ಅವನು ಸಾಕಿರುವುದು ಬಜರಿಗಾರ್. ನಮ್ಮ ಊರುಗಳ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಸಿರು, ನೀಲಿ, ಹಳದಿ ಬಣ್ಣದ ಪುಟ್ಟ ಗಿಣಿಗಳು ಬಹುಪಾಲು ಇವೇ. ಆ ಹೆಸರು ನಿಜವಾಗಿ ಆಫ್ರಿಕ ಖಂಡದ ಬೇರೆ ಗಿಣಿಗಳದು. ನಮ್ಮ ಜನ ಅದನ್ನು ಆಸ್ಟ್ರೇಲಿಯದ ಈ ಹಕ್ಕಿಗೆ ಕೊಟ್ಟುಬಿಟ್ಟಿದ್ದಾರೆ. ಆಸ್ಟ್ರೇಲಿಯದ ಒಳನಾಡಿನ ಒಣ ಬಯಲುಗಳಲ್ಲಿ ಇವು ಇಂದಿಗೂ ಸಾವಿರಗಟ್ಟಲೆ ಹಿಂಡಾಗಿ ಹಾರುತ್ತವೆ. ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದ ಕಡೆಗೆ ವಲಸೆ ಹೋಗಿ, ಮರದ ಪೊಟರೆಗಳಲ್ಲಿ ಮೊಟ್ಟೆಯಿಡುತ್ತವೆ. ಪಕ್ಷಿಶಾಸ್ತ್ರಜ್ಞ ಜಾನ್ ಗೂಲ್ಡ್ 1840ರಲ್ಲಿ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಕಾಡಿನ ಹಕ್ಕಿಯ ಬಣ್ಣ ಹಸಿರೊಂದೇ. ಯೂರೋಪಿನ ಪಂಜರಗಳಲ್ಲಿ ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಹಳದಿಯೂ ನೀಲಿಯೂ ಹುಟ್ಟಿದುವು. 1925ರಲ್ಲಿ ಇಂಗ್ಲೆಂಡಿನಲ್ಲಿ ಈ ಒಂದು ಹಕ್ಕಿಗಾಗಿಯೇ ಒಂದು ಸಂಘ ಸ್ಥಾಪನೆಯಾಯಿತು. ಆದರ್ಶ ಬಜರಿಗಾರ್ ಹೇಗಿರಬೇಕೆಂಬುದಕ್ಕೆ ಚಿತ್ರ ಬರೆಸಿ, ಅಳತೆ ಗೊತ್ತುಮಾಡಿದರು. ಕಾಡಿನ ಹಕ್ಕಿಯ ಉದ್ದ ಸುಮಾರು 7 ಅಂಗುಲವಾದರೆ ಪ್ರದರ್ಶನದ ಆದರ್ಶ ಎಂಟೂವರೆ ಅಂಗುಲ. ತೂಕದಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಗರಿಯ ಉದ್ದದಲ್ಲಿ ಮತ್ತು ಹಣೆಯ ಉಬ್ಬಿನಲ್ಲಿ, ಇವೆರಡೂ ಒಂದೇ ಜಾತಿಯೆಂದು ನಂಬುವುದು ಕಷ್ಟವಾಗುವಷ್ಟು ಅಂತರ ಬೆಳೆದಿದೆ. ಅಂಗಡಿಯ ಹಕ್ಕಿ ಚೂಟಿಯಾದ ಹಳ್ಳಿಯ ಹುಡುಗನಂತಿದ್ದರೆ, ಪ್ರದರ್ಶನದ ಹಕ್ಕಿ ಕಂಬಳಿ ಹೊದ್ದು ಕುಳಿತ ಜಮೀನುದಾರನಂತೆ ಕಾಣುತ್ತದೆ.

ಇಂಥ ಹಕ್ಕಿ ತನ್ನಷ್ಟಕ್ಕೆ ತಾನೇ ಆಗುವುದಿಲ್ಲ. ಅದಕ್ಕೆ ಯೋಜನೆ ಬೇಕು. ನನ್ನ ಶಿಷ್ಯನ ಯೋಜನೆ ಶ್ರದ್ಧೆಯಿಂದ ಮಾಡಿದ್ದೆಂಬುದರಲ್ಲಿ ಸಂದೇಹವಿಲ್ಲ. ವರ್ಷ ತುಂಬದ ಹೆಣ್ಣನ್ನು ಅವನು ಜೋಡಿಗೆ ಆರಿಸಿಲ್ಲ. ಗಂಡಿನ ಮೂಗಿನ ಬುಡದ ಮೆತ್ತನೆಯ ಭಾಗ ಹೊಳಪಾದ ನೀಲಿಗೂ ಹೆಣ್ಣಿನದು ಕಂದು ಬಣ್ಣಕ್ಕೂ ತಿರುಗುವವರೆಗೆ ಕಾಯುತ್ತಾನೆ. ಹಕ್ಕಿ ಹದಕ್ಕೆ ಬಂದಿದೆ ಎಂಬುದಕ್ಕೆ ಅದೇ ಗುರುತು. ನವಣೆ, ಸಾಮೆಗಳ ಜೊತೆಗೆ ಮೊಳಕೆಕಾಳು. ಮೊಟ್ಟೆಯ ಚಿಪ್ಪು ಗಟ್ಟಿಯಾಗಲೆಂದು ಗ್ರಂಧಿಗೆ ಅಂಗಡಿಯಿಂದ ಕಡಲನೊರೆ. ಮಾಮೂಲಿನ ಮಡಕೆಯ ಬದಲು, ತಳದಲ್ಲಿ ತುಸು ತಗ್ಗು ಕೊರೆದ ಮರದ ಪೆಟ್ಟಿಗೆ. ಹೆಣ್ಣು ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಒಂದೊಂದೂ ಒಡೆಯಲು ಸುಮಾರು 18 ದಿನ. ಮರಿ ಗೂಡು ಬಿಡಲು ಇನ್ನು ಐದು ವಾರ. ಮರಿಗೆ ವಾರ ತುಂಬುವ ಹೊತ್ತಿಗೆ, ಬೆರಳುಗಳು ಇನ್ನೂ ಎಳೆಯದಾಗಿರುವಾಗಲೇ, ವರ್ಷವನ್ನೂ ಸಂಖ್ಯೆಯನ್ನೂ ಕೊರೆದ ಬಳೆಯನ್ನು ಕಾಲಿಗೆ ಏರಿಸಬೇಕು. ತಡವಾದರೆ ಬಳೆ ಏರದು; ಏರಿದ್ದು ಮತ್ತೆ ಇಳಿಯದು. ಹೀಗೆ ದೀಪಾವಳಿಗೆ ಕೂಡಿಸಿದ ಜೋಡಿ ಎರಡು ಸೂಲು ಮುಗಿಸುವಷ್ಟರಲ್ಲಿ ಶಿವರಾತ್ರಿ. ಬಿಸಿಲು ಬಲಿಯುವ ಮೊದಲು ಪೆಟ್ಟಿಗೆಗಳನ್ನು ಇಳಿಸಿಬಿಡಬೇಕು.

ಇಷ್ಟೂ ಸೊಗಸಾಗಿತ್ತು. ಆಮೇಲೆ ಬಂದುದು ಜೋಡಿಗಳ ಪುಟ.

ಅವನ ಹಕ್ಕಿಮನೆಯ ಯಜಮಾನ ಬೂದುಬಣ್ಣದ ಒಂದು ಗಂಡು. ವಿದೇಶದ ತಳಿಯದು; ಎರಡು ತಿಂಗಳ ಸಂಬಳ ಕೊಟ್ಟು ತಂದದ್ದು. ಅಗಲವಾದ ಹಣೆ, ಆಳವಾದ ಎದೆ. ಮೂರು ವರ್ಷಗಳಿಂದ ಬೇರೆ ಬೇರೆ ಹೆಣ್ಣುಗಳಿಗೆ ಅದನ್ನೇ ಕೂಡಿಸಿ ಮರಿ ಪಡೆದಿದ್ದಾನೆ. ಈ ವರ್ಷ ಆ ಗಂಡಿನ ಒಬ್ಬ ಮಗನಿಗೆ ಇನ್ನೊಂದು ಹೆಣ್ಣಿನಲ್ಲಿ ಹುಟ್ಟಿದ ಅದೇ ಗಂಡಿನ ಮಗಳು. ಇದು ಎರಡನೆಯ ಜೋಡಿ. ಮೊದಲನೆಯ ಜೋಡಿಯಲ್ಲಿ ಸ್ವತಃ ಆ ಗಂಡಿಗೇ ಅದರ ಮಗಳು.

ವಾಚಕರು ಬೆಚ್ಚಿಬೀಳಬೇಕಾಗಿಲ್ಲ. ಮನುಷ್ಯರ ನೀತಿಯನ್ನು ಹಕ್ಕಿಗಳಿಗೆ ಹಚ್ಚುವುದು ನನ್ನ ಉದ್ದೇಶವಲ್ಲ. ಹಕ್ಕಿ, ದನ, ಕುದುರೆ, ನಾಯಿ ಎಲ್ಲದರಲ್ಲಿಯೂ ತಳಿಗಾರರು ಒಳಸಂಬಂಧದ ಮಾರ್ಗವನ್ನು ಹಿಡಿದೇ ತಳಿಗಳನ್ನು ಗಟ್ಟಿಮಾಡಿದ್ದಾರೆ. ಅದಕ್ಕೆ ಕಾರಣವೂ ಉಂಟು. ಬಣ್ಣದ ಲೆಕ್ಕ ಸುಲಭ. ಹಸಿರೊಳಗೆ ನೀಲಿಯನ್ನು ಬಚ್ಚಿಟ್ಟುಕೊಂಡಿರುವ ಎರಡು ಹಕ್ಕಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ನೀಲಿ. ಇದು ಮೆಂಡೆಲನ ಬಟಾಣಿಯ ಪಾಠವೇ. ಹಳದಿ ವರ್ಣದ್ರವ್ಯವನ್ನು ತಯಾರಿಸುವ ಒಂದೇ ಒಂದು ವಂಶವಾಹಿಯ ಕೆಲಸ ಕೆಟ್ಟದ್ದರಿಂದ ಹಸಿರು ಹಕ್ಕಿ ನೀಲಿಯಾಯಿತೆಂಬುದನ್ನು ವಿಜ್ಞಾನಿಗಳು 2017ರಲ್ಲಿ ಗುರುತಿಸಿದರು. ಆದರೆ ತಲೆಯ ಅಗಲ, ಎದೆಯ ತುಂಬು, ನಿಲುವು ಇವುಗಳ ಹಿಂದೆ ಅನೇಕ ವಂಶವಾಹಿಗಳು ಸೇರಿ ಕೆಲಸಮಾಡುತ್ತವೆ. ಒಮ್ಮೆ ಅವೆಲ್ಲ ಒಂದು ಹಕ್ಕಿಯಲ್ಲಿ ಕೂಡಿಬಂದರೆ, ಹೊರಗಿನ ಸಂಬಂಧ ಬೆಳೆಸಿದ ಕೂಡಲೆ ಚೆದುರಿಹೋಗುತ್ತವೆಂಬ ಭಯ. ಚೆದುರದಂತೆ ಹಿಡಿದಿಡುವ ಸುಲಭೋಪಾಯ ಮನೆಯೊಳಗಿನ ಸಂಬಂಧ.

ಆದರೆ ಈ ಉಪಾಯ ಬೇಕಾದದ್ದನ್ನು ಮಾತ್ರ ಆಯ್ದು ಹಿಡಿದಿಡುವುದಿಲ್ಲ. ಒಂದು ಪ್ರಾಣಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಂದು ವಂಶವಾಹಿಯೂ ಜೋಡಿಯಾಗಿ ಬರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ಸಾಗಿಸುತ್ತದೆ. ಜೋಡಿಯ ಎರಡೂ ಒಬ್ಬನೇ ಪೂರ್ವಜನಿಂದ ಬಂದ ಒಂದೇ ಪ್ರತಿಯಾಗಿರುವ ಸಂಭವವನ್ನು ಶೇಕಡಾವಾರು ಹೇಳುವುದುಂಟು. ತಂದೆ-ಮಗಳ ಸಂತಾನದಲ್ಲಿ ಅದು ಶೇ. 25, ಮಲತಾಯಿಯ ಮಕ್ಕಳ ಸಂತಾನದಲ್ಲಿ ಶೇ. 12.5. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಯನ್ನು ಬಲ್ಲ ವಾಚಕರಿಗೆ ಹೇಳುವುದಾದರೆ, ಆ ಸಂಬಂಧದ ಲೆಕ್ಕವೂ ಸರಿಯಾಗಿ ಶೇ. 12.5. ಒಂದು ತಲೆಮಾರಿನಲ್ಲಿ ಇದರಿಂದ ಅನಾಹುತವಾಗಿಯೇ ತೀರಬೇಕೆಂದಿಲ್ಲ. ತಲೆಮಾರಿನ ಮೇಲೆ ತಲೆಮಾರು ನಡೆದಾಗ ಅಡಗಿದ್ದ ಕುಂದುಗಳು ಒಂದೊಂದಾಗಿ ಹೊರಬೀಳುತ್ತವೆ: ಮೊಟ್ಟೆ ಕಟ್ಟದಿರುವುದು, ಕಟ್ಟಿದ ಮೊಟ್ಟೆಯಲ್ಲಿಯೇ ಮರಿ ಸಾಯುವುದು, ತಾಯಿ ಗುಟುಕು ಕೊಡಲು ಮರೆಯುವುದು.

ಈ ಕುಂದುಗಳೆಲ್ಲ ಕಾಣುವುದು ಗೂಡಿನಲ್ಲಿ; ಪ್ರದರ್ಶನದ ಮೇಜಿನ ಮೇಲಲ್ಲ. ನನ್ನ ವಾದದ ತಿರುಳೇ ಇದು. ತೀರ್ಪುಗಾರ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಮುಂದೆ ಇರುವುದು ಬದುಕಿ ಬೆಳೆದು, ಸ್ನಾನಮಾಡಿ, ಗರಿ ತಿದ್ದಿಸಿಕೊಂಡು ಕುಳಿತ ಹಕ್ಕಿ. ಅದರ ಜೊತೆ ಅದೇ ಗೂಡಿನಲ್ಲಿದ್ದ ಐದು ಮೊಟ್ಟೆಗಳಲ್ಲಿ ಎಷ್ಟು ಒಡೆದುವೆಂಬುದನ್ನು ಅವನು ಬಲ್ಲನೆ? ಅದರ ತಾಯಿ ಈ ಋತು ಬದುಕಿ ಉಳಿಯಿತೇ ಎಂಬುದನ್ನು ಬಲ್ಲನೆ? ಅವನು ಅಂಕ ಕೊಡುವುದು ಕಣ್ಣಿಗೆ ಕಂಡದ್ದಕ್ಕೆ. ಸಾಕುವವನು ಮುಂದಿನ ವರ್ಷದ ಜೋಡಿಯನ್ನು ಆರಿಸುವುದು ಆ ಅಂಕದ ಮೇಲೆ. ಹೀಗಾಗಿ ಕಣ್ಣಿಗೆ ಕಾಣುವ ಗುಣ ವರ್ಷ ವರ್ಷಕ್ಕೂ ಬೆಳೆಯುತ್ತದೆ. ಕಾಣದ ಗುಣವನ್ನು ಕಾಯುವವರೇ ಇಲ್ಲದೆ ಅದು ಸವೆಯುತ್ತದೆ. ಇದರಲ್ಲಿ ಯಾರ ದುಷ್ಟತನವೂ ಇಲ್ಲ.

ಇದು ಇಂದು ನಿನ್ನೆಯ ಕಥೆಯೂ ಅಲ್ಲ. ಚಾರ್ಲ್ಸ್ ಡಾರ್ವಿನ್ ತನ್ನ ಸಿದ್ಧಾಂತವನ್ನು ರೂಪಿಸುತ್ತಿದ್ದ ಕಾಲದಲ್ಲಿ ತಾನೇ ಪಾರಿವಾಳಗಳನ್ನು ಸಾಕಿ, ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸದಸ್ಯನಾಗಿದ್ದ. ಗಿಡ್ಡ ಕೊಕ್ಕಿನ ಟಂಬ್ಲರ್ ಎಂಬ ತಳಿಯಲ್ಲಿ ಮೊಟ್ಟೆಯಿಂದ ಹೊರಬರುವ ಮರಿಗಳಿಗಿಂತ ಒಳಗೇ ಸಾಯುವ ಮರಿಗಳು ಹೆಚ್ಚೆಂದೂ, ಆದುದರಿಂದ ಸಾಕುವವರು ಚಿಪ್ಪು ಒಡೆಯಲು ತಾವೇ ನೆರವಾಗುತ್ತಾರೆಂದೂ 1859ರ ತನ್ನ ಮಹಾಗ್ರಂಥದಲ್ಲಿ ಅವನು ದಾಖಲಿಸಿದ್ದಾನೆ. ಕೊಕ್ಕು ಚಿಕ್ಕದಾದಷ್ಟೂ ಬಹುಮಾನ ದೊಡ್ಡದು; ಆದರೆ ಆ ಕೊಕ್ಕಿನ ಮೊದಲ ಕೆಲಸವೇ ಚಿಪ್ಪನ್ನು ಒಡೆಯುವುದೆಂಬುದನ್ನು ಬಹುಮಾನ ಮರೆತಿತ್ತು. ನೆರವಿನ ಕೈ ಇದ್ದುದರಿಂದ ಮರಿ ಬದುಕಿತು. ಬದುಕಿದ ಮರಿ ತನ್ನ ಕುಂದನ್ನು ಮುಂದಿನ ಪೀಳಿಗೆಗೆ ದಾಟಿಸಿತು.

ಪಂಜರದ ಹಕ್ಕಿಗಳಲ್ಲಿ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ಗ್ಲಾಸ್ಟರ್ ಎಂಬ ಕೆನರಿ ತಳಿಯ ತಲೆಯ ಮೇಲೆ ಬಟ್ಟಲು ಕವುಚಿದಂತೆ ಗರಿಗಳ ಜುಟ್ಟು ಇರುತ್ತದೆ. ಜುಟ್ಟಿನ ಹಕ್ಕಿಯನ್ನು ಜುಟ್ಟಿನದಕ್ಕೆ ಕೂಡಿಸಬಾರದು, ಬೋಳುತಲೆಯದಕ್ಕೇ ಕೂಡಿಸಬೇಕು ಎಂಬುದು ಸಾಕುವವರ ಹಳೆಯ ಕಟ್ಟಳೆ. ಎರಡೂ ಕಡೆಯಿಂದ ಜುಟ್ಟಿನ ವಂಶವಾಹಿ ಪಡೆದ ನಾಲ್ಕನೆಯ ಒಂದು ಪಾಲು ಮರಿಗಳು ಉಳಿಯುವುದಿಲ್ಲವೆಂಬುದು ಅವರ ಅನುಭವ. ಬಜರಿಗಾರ್‌ಗಳಲ್ಲಿಯಾದರೋ, ಪ್ರದರ್ಶನದ ತಳಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಗರಿಯ ಬೆಳವಣಿಗೆ ನಿಲ್ಲದ ಮರಿಯೊಂದು ಹುಟ್ಟುತ್ತದೆ. ಗರಿ ಕಣ್ಣನ್ನು ಮುಚ್ಚುತ್ತದೆ, ಹಾರಲು ಬಿಡುವುದಿಲ್ಲ. ವರ್ಷ ತುಂಬುವ ಮೊದಲೇ ಅದು ಸಾಯುತ್ತದೆ. ಇಂಗ್ಲಿಷರು ಅದನ್ನು ಧೂಳು ಹೊಡೆಯುವ ಗರಿಪೊರಕೆಯ ಹೆಸರಿನಿಂದ ಕರೆಯುತ್ತಾರೆ. ಇದು ಅಪರೂಪವೆನ್ನೋಣ. ಆದರೆ ಒಳ್ಳೆಯ ಪ್ರದರ್ಶನದ ಹಕ್ಕಿಯನ್ನು ಜೋಡಿಗೆ ಬಿಡುವ ಮೊದಲು ಬಾಲದ ಕೆಳಗಿನ ಗರಿಗಳನ್ನು ಕತ್ತರಿಸಿಕೊಡುವುದು ಅಪರೂಪವಲ್ಲ. ಹಾಗೆ ಮಾಡದಿದ್ದರೆ ಉದ್ದ ಗರಿಗಳೇ ಅಡ್ಡಬಂದು ಮೊಟ್ಟೆ ಕಟ್ಟುವುದಿಲ್ಲ. ಯಾವ ಗರಿಗಾಗಿ ಪದಕ ಬಂದಿತೋ ಆ ಗರಿಯನ್ನು ಕತ್ತರಿಸದೆ ಆ ಹಕ್ಕಿಗೆ ಸಂತಾನವಿಲ್ಲ!

ಇದನ್ನು ನಾನು ದೂರ ನಿಂತು ಹೇಳುತ್ತಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ನಾನೂ ಬಜರಿಗಾರ್ ಸಾಕಿದ್ದೆ. ನನ್ನಲ್ಲಿ ತಿಳಿನೀಲಿಯ ಒಂದು ಹೆಣ್ಣಿತ್ತು. ಎರಡು ಸೂಲಿನಲ್ಲಿ ಅದು ಒಂಬತ್ತು ಮರಿಗಳನ್ನು ಬೆಳೆಸಿಕೊಟ್ಟಿತು, ಒಂದೊಂದೂ ನೋಡುವಂತಿತ್ತು. ಪೆಟ್ಟಿಗೆ ಇಳಿಸಬೇಕಾದ ಕಾಲ ಬಂದಿತು. ಇಳಿಸಲಿಲ್ಲ. ಇನ್ನೊಂದೇ ಸೂಲು, ಇನ್ನು ನಾಲ್ಕು ಮರಿ ಎಂಬ ಆಸೆ. ಮೂರನೆಯ ಸೂಲಿನ ಎರಡನೆಯ ಮೊಟ್ಟೆ ಹೊರಬರಲಿಲ್ಲ. ಬೆಳಿಗ್ಗೆ ನೋಡುವಾಗ ಅದು ಗರಿ ಕೆದರಿಕೊಂಡು ಪಂಜರದ ಮೂಲೆಯಲ್ಲಿ ಕುಳಿತಿತ್ತು. ಮಧ್ಯಾಹ್ನ ಶಾಲೆಯಿಂದ ಬರುವಷ್ಟರಲ್ಲಿ ಹೋಗಿತ್ತು. ಆ ವರ್ಷದ ನನ್ನ ಪುಸ್ತಕದಲ್ಲಿ ಒಂಬತ್ತು ಮರಿಗಳ ಬಣ್ಣ, ಬಳೆ, ದಿನಾಂಕ ಎಲ್ಲವೂ ಇದೆ. ತಾಯಿ ಸತ್ತ ದಿನಾಂಕ ಇಲ್ಲ. ಬರೆಯಲು ಅಂಕಣವಿರಲಿಲ್ಲವೆಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಬರೆಯುವ ಧೈರ್ಯವಿರಲಿಲ್ಲ. ಮರುವರ್ಷ ಹಕ್ಕಿಗಳನ್ನು ಬಲ್ಲವರೊಬ್ಬರಿಗೆ ಕೊಟ್ಟುಬಿಟ್ಟೆ.

ಈಗ ಕಾನೂನಿನ ವಿಷಯಕ್ಕೆ ಬರೋಣ. ನಮ್ಮ ಕಾಡಿನ ಗಿಣಿಯನ್ನಾಗಲಿ ರಾಟವಾಳವನ್ನಾಗಲಿ ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಈ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಯಿತು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅಳಿವಿನ ಅಂಚಿನಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟ್ಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಪಕ್ಷಿಗಳಿಗೆ ಇದರಲ್ಲಿ ಪ್ರತ್ಯೇಕವಾದ ಅನುಸೂಚಿ ಏರ್ಪಟ್ಟಿತು. 2024ರಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಜೀವಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕು. ಮರಿ ಹುಟ್ಟಿದರೂ, ಹಕ್ಕಿ ಸತ್ತರೂ, ಕೈ ಬದಲಾದರೂ ತಿಳಿಸಬೇಕು. ದಕ್ಷಿಣ ಅಮೆರಿಕದ ಮಕಾ, ಆಫ್ರಿಕದ ಬೂದು ಗಿಣಿ ಮುಂತಾದವನ್ನು ಸಾಕುವವರಿಗೆ ಇದು ಅನ್ವಯಿಸುತ್ತದೆ. ಕಳ್ಳಸಾಗಣೆಯನ್ನು ತಡೆಯಲು ಇದು ಬೇಕಾದ ಕ್ರಮವೇ ಸರಿ; ನಾನು ಸ್ವಾಗತಿಸುತ್ತೇನೆ.

ಆದರೆ ಬಜರಿಗಾರ್ ಆ ಪಟ್ಟಿಯಲ್ಲಿಲ್ಲ. ಗಿಣಿಗಳ ಇಡೀ ವರ್ಗವನ್ನು ಒಪ್ಪಂದದೊಳಕ್ಕೆ ತಂದಾಗ ಬಿಟ್ಟ ಮೂರೇ ಜಾತಿಗಳಲ್ಲಿ ಅದೂ ಒಂದು, ಕಾಕಟೀಲ್ ಇನ್ನೊಂದು. ಕೆನರಿಯೂ ಪಟ್ಟಿಯ ಹೊರಗೇ. ಅಳಿವಿನ ಭಯವಿಲ್ಲದ್ದರಿಂದ ಇದು ನ್ಯಾಯವೇ. ಪರಿಣಾಮವನ್ನು ಮಾತ್ರ ಗಮನಿಸಬೇಕು: ನಮ್ಮ ಮನೆಗಳಲ್ಲಿ ಅತಿ ಹೆಚ್ಚಾಗಿ ಸಾಕುವ, ಅತಿ ಹೆಚ್ಚಾಗಿ ಮರಿ ಮಾಡಿಸುವ ಹಕ್ಕಿಯನ್ನು ಈ ಲೆಕ್ಕ ಮುಟ್ಟುವುದಿಲ್ಲ. ಮುಟ್ಟಿದ ಹಕ್ಕಿಗಳ ವಿಷಯದಲ್ಲಿಯೂ ಲೆಕ್ಕ ಕೇಳುವುದು ಎಷ್ಟು ಹುಟ್ಟಿದುವು, ಎಷ್ಟು ಸತ್ತುವು ಎಂದು. ಹೇಗೆ ಹುಟ್ಟಿಸಿದಿರಿ ಎಂದಲ್ಲ. 2018ರ ಪ್ರಾಣಿ ಅಂಗಡಿಗಳ ನಿಯಮಗಳು ಅಂಗಡಿಯ ಪಂಜರ ಹೇಗಿರಬೇಕೆಂಬುದನ್ನು ಹೇಳುತ್ತವೆ. ನಾಯಿಗಳಿಗಾದರೆ 2017ರಲ್ಲಿಯೇ ನಿಯಮ ಬಂದಿದೆ: 18 ತಿಂಗಳು ತುಂಬದ ಹೆಣ್ಣುನಾಯಿಯನ್ನು ಬೆದೆಗೆ ಬಿಡಕೂಡದು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಹಾಕಿಸಕೂಡದು. ಹೆಣ್ಣುಹಕ್ಕಿಯ ಸೂಲಿಗೆ ಅಂಥ ಮಿತಿಯನ್ನು ಹೇಳಿದ ಒಂದು ವಾಕ್ಯವನ್ನೂ ಈ ನಿಯಮಗಳಲ್ಲಿ ನಾನು ಕಾಣಲಿಲ್ಲ.

ಹೀಗೆ ಕೇಳುವುದು ಅಸಾಧ್ಯವೇನಲ್ಲ. ಜರ್ಮನಿಯ ಪ್ರಾಣಿಸಂರಕ್ಷಣಾ ಕಾಯಿದೆಯ 11-ಬಿ ಪ್ರಕರಣ, ಹುಟ್ಟುವ ಮರಿಗಳಿಗೆ ವಂಶಗತವಾಗಿ ನೋವಾಗಲಿ ಊನವಾಗಲಿ ಬರುವುದೆಂದು ನಿರೀಕ್ಷಿಸಬಹುದಾದಲ್ಲಿ ಅಂಥ ತಳಿ ಬೆಳೆಸುವುದನ್ನೇ ನಿಷೇಧಿಸುತ್ತದೆ. ಆ ಪ್ರಕರಣವನ್ನು ಹೇಗೆ ಅರ್ಥೈಸಬೇಕೆಂದು 1999ರಲ್ಲಿ ಸಿದ್ಧವಾದ ತಜ್ಞರ ವರದಿ, ನಾಯಿ ಬೆಕ್ಕುಗಳ ಜೊತೆಗೆ ಪಂಜರದ ಹಕ್ಕಿಗಳನ್ನೂ ವಿಚಾರಕ್ಕೆ ತೆಗೆದುಕೊಂಡಿತು. ಅದರ ಎಲ್ಲ ತೀರ್ಮಾನಗಳನ್ನೂ ನಾವು ಒಪ್ಪಬೇಕಾಗಿಲ್ಲ. ಪ್ರಶ್ನೆಯನ್ನಾದರೂ ಒಪ್ಪಬಹುದಲ್ಲವೆ?

ನಮ್ಮಲ್ಲಿ ಈ ಪ್ರಶ್ನೆ ಏಳದಿರುವುದಕ್ಕೆ ಒಂದು ಕಾರಣವುಂಟು. ಪಂಜರದ ಹಕ್ಕಿಯೆಂದ ಕೂಡಲೆ ನಮ್ಮ ಚರ್ಚೆ ಎರಡು ತುದಿಗಳಿಗೆ ಹೋಗಿಬಿಡುತ್ತದೆ. ಒಂದು ಕಡೆಯವರು, ಪಂಜರವೇ ಪಾಪ, ಬಾಗಿಲು ತೆರೆಯಿರಿ ಎನ್ನುತ್ತಾರೆ. 2015ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ಹಕ್ಕಿಗೆ ಆಕಾಶದಲ್ಲಿ ಹಾರುವ ಹಕ್ಕಿದೆಯೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಆ ಮಾತಿನ ಹಿಂದಿರುವ ಕರುಣೆಗೆ ನಾನು ತಲೆಬಾಗುತ್ತೇನೆ. ಆದರೆ ನೂರಾ ಎಂಬತ್ತು ವರ್ಷಗಳಿಗೂ ಮೀರಿ ಪಂಜರದಲ್ಲಿಯೇ ಪೀಳಿಗೆ ಬೆಳೆಸಿದ, ಆಸ್ಟ್ರೇಲಿಯದ ಹಕ್ಕಿಯೊಂದಕ್ಕೆ ನಮ್ಮ ಊರಿನ ಬಾಗಿಲು ತೆರೆದರೆ ಅದಕ್ಕೆ ಸಿಗುವುದು ಆಕಾಶವಲ್ಲ. ಕಾಗೆ ಮತ್ತು ಹದ್ದು. ಇನ್ನೊಂದು ಕಡೆಯವರು, ನಾವು ಪ್ರೀತಿಯಿಂದ ಸಾಕುತ್ತೇವೆ, ಕಾಸಿಗೆ ಕಾಸು ಸುರಿಯುತ್ತೇವೆ, ನಮ್ಮ ತಂಟೆಗೆ ಬರಬೇಡಿ ಎನ್ನುತ್ತಾರೆ. ಅವರ ಪ್ರೀತಿಯೂ ಸುಳ್ಳಲ್ಲ. ಮಧ್ಯರಾತ್ರಿ ಎದ್ದು ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು ಜೀವವಿದೆಯೆ ಎಂದು ನೋಡುವ ಕೈಯನ್ನು ಕ್ರೂರವೆಂದು ಕರೆಯಲು ನನಗೆ ಮನಸ್ಸು ಬಾರದು. ಆದರೆ ಪ್ರೀತಿ ಇದ್ದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲವೆಂಬುದನ್ನು ನನ್ನ ತಿಳಿನೀಲಿ ಹಕ್ಕಿ ನನಗೆ ಕಲಿಸಿತು.

ಆದುದರಿಂದ ನನ್ನ ಸಲಹೆ ಎರಡು ತುದಿಗಳ ನಡುವಿನದು. ಮೊದಲನೆಯದಾಗಿ, ಸಾಕುವವನ ಪುಸ್ತಕದಲ್ಲಿ ಹಣೆಯ ಅಗಲಕ್ಕಿಂತ ಮೊದಲು ಐದು ಅಂಕಣಗಳಿರಲಿ: ಇಟ್ಟ ಮೊಟ್ಟೆ, ಜೀವ ಕಟ್ಟಿದ ಮೊಟ್ಟೆ, ಒಡೆದು ಬಂದ ಮರಿ, ತಾಯ್ತಂದೆಗಳೇ ಬೆಳೆಸಿದ ಮರಿ, ವರ್ಷದ ಮೇಲೆಯೂ ಬದುಕಿರುವ ಹಕ್ಕಿ. ಯಾವ ಮನೆತನದಲ್ಲಿ ಈ ಐದು ಸಂಖ್ಯೆಗಳು ಒಂದರಿಂದೊಂದಕ್ಕೆ ಧುಮುಕುತ್ತವೆಯೋ ಆ ಮನೆತನದ ಹಕ್ಕಿ ಎಷ್ಟೇ ಚೆಲುವಾಗಿರಲಿ, ಅದಕ್ಕೆ ಹೊರಗಿನ ಸಂಬಂಧ ಬೇಕು. ಎರಡನೆಯದಾಗಿ, ಒಂದು ಹೆಣ್ಣಿಗೆ ಒಂದು ಋತುವಿಗೆ ಎರಡೇ ಸೂಲು. ಆಮೇಲೆ ಪೆಟ್ಟಿಗೆ ಇಳಿಯಲೇಬೇಕು. ಮೂರನೆಯದಾಗಿ, ಹತ್ತು ಮರಿಗಳಲ್ಲಿ ಮೇಜಿಗೆ ಹೋಗುವುದು ಒಂದೋ ಎರಡೋ. ಉಳಿದವು ಎಲ್ಲಿಗೆ ಹೋಗುತ್ತವೆಂಬುದನ್ನು ಜೋಡಿ ಕೂಡಿಸುವ ಮುನ್ನವೇ ಬರೆದಿಡಬೇಕು. ‘ಅಂಗಡಿಗೆ’ ಎಂಬ ಒಂದು ಮಾತು ಇದಕ್ಕೆ ಉತ್ತರವಾಗದು. ಕೊನೆಯದಾಗಿ, ಪ್ರದರ್ಶನ ನಡೆಸುವ ಸಂಘಗಳು ಮೇಜಿನ ಮೇಲಿನ ಹಕ್ಕಿಯ ಜೊತೆಗೆ ಗೂಡಿನ ಲೆಕ್ಕವನ್ನೂ ಕೇಳುವಂತಾಗಬೇಕು. ಬಹುಮಾನ ಯಾವುದಕ್ಕೆ ಬರುವುದೋ ಅದನ್ನೇ ಜನ ಬೆಳೆಸುತ್ತಾರೆ. ಹಾಲಿನ ಲೆಕ್ಕ ಕೇಳದೆ ಬರಿಯ ಕೊಂಬಿನ ಅಂದಕ್ಕೆ ಹಸುವನ್ನು ಕೊಳ್ಳುವ ರೈತನನ್ನು ನಾನು ಕಂಡಿಲ್ಲ.

ಲೆಕ್ಕವನ್ನು ಸುಳ್ಳಾಗಿ ಬರೆದರೆ? ಬರೆಯುವವರು ಇರುತ್ತಾರೆ. ಪರೀಕ್ಷೆಯಲ್ಲಿ ನಕಲು ಮಾಡುವವರಿದ್ದಾರೆಂದು ನಾವು ಪರೀಕ್ಷೆಯನ್ನು ಬಿಟ್ಟಿದ್ದೇವೆಯೆ? ಪ್ರಾಮಾಣಿಕನಿಗೆ ತನ್ನ ಪುಸ್ತಕವೇ ಕನ್ನಡಿಯಾಗುತ್ತದೆ, ಅಷ್ಟಾದರೂ ಲಾಭವೇ.

ಇವನ್ನೆಲ್ಲ ನನ್ನ ಶಿಷ್ಯನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಹೊರಗಿನ ಹಕ್ಕಿ ತಂದರೆ ಈ ಹಣೆ ಕೈಬಿಟ್ಟು ಹೋಗುತ್ತೆ, ಮೇಷ್ಟ್ರೇ. ಮತ್ತೆ ಇಲ್ಲಿಗೆ ಬರಬೇಕಾದರೆ ಮೂರು ವರ್ಷ ಬೇಕು” ಎಂದ. ಅವನ ದನಿಯಲ್ಲಿ ವಾದವಿರಲಿಲ್ಲ, ಸಂಕಟವಿತ್ತು. ಅದು ನನಗೆ ಅರ್ಥವಾಗುತ್ತದೆ. ಅವನು ಕೇಳುತ್ತಿದ್ದುದು ಸಣ್ಣ ತ್ಯಾಗವಲ್ಲ.

“ಹೋದ ವರ್ಷ ಆ ಗಂಡಿನಿಂದ ಎಷ್ಟು ಮೊಟ್ಟೆ ಬಂದವು?” ಎಂದು ಕೇಳಿದೆ.

“ಮೂವತ್ತೊಂದು.”

“ಮರಿ?”

ಅವನು ಪುಸ್ತಕವನ್ನು ನೋಡಲಿಲ್ಲ. ಅದರಲ್ಲಿ ಅದು ಇರಲಿಲ್ಲವಷ್ಟೆ. ಆದರೆ ಸಂಖ್ಯೆ ಅವನ ನೆನಪಿನಲ್ಲಿತ್ತು. “ಹನ್ನೊಂದು” ಎಂದ, ಸ್ವಲ್ಪ ತಡೆದು, “ಅದರಲ್ಲಿ ಎರಡು ನಾನೇ ಕೈಯಲ್ಲಿ ಗುಟುಕು ಕೊಟ್ಟು ಉಳಿಸಿದ್ದು” ಎಂದು ಸೇರಿಸಿದ.

ನಾನು ಪೆನ್ಸಿಲನ್ನು ಅವನ ಕಡೆಗೆ ಸರಿಸಿದೆ. ಅವನು ಪುಟದ ಅಂಚಿನಲ್ಲಿ ಗೆರೆ ಎಳೆದು, ಆ ಮೂರು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದುಕೊಂಡ. ಹೊರಡುವಾಗ ಮೊದಲನೆಯ ಜೋಡಿಯ ಮೇಲೆ, ತಂದೆ-ಮಗಳ ಜೋಡಿಯ ಮೇಲೆ, ಅಡ್ಡಗೆರೆ ಬಿದ್ದಿತ್ತು. ಎರಡನೆಯದು ಹಾಗೆಯೇ ಉಳಿದಿತ್ತು. ಅದರ ವಿಷಯ ಇನ್ನೂ ಯೋಚಿಸುತ್ತೇನೆ ಎಂದ. ದೀಪಾವಳಿಗೆ ಇನ್ನೂ ಮೂರು ವಾರವಿದೆ.